ಕಿವಿಯಲ್ಲಿ ಹೇಳಬೇಕಾದ ಪ್ರಾರ್ಥನೆ

ಅಕ್ಕ ಶಾಲೆ ಮಕ್ಕಳ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಸಿಕ್ಕಾದ ನೂಲು ಬಿಡಿಸುತ್ತಿದ್ದಳು. ತಮ್ಮ ಜೈಲು ಸೇರಿದ ಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಗ್ಯಾರೇಜಿನ ಜಗಳದಲ್ಲಿ ಅವನು ಸ್ಪ್ಯಾನರು ಬೀಸಿ ಜೊತೆಗಾರನನ್ನು ಕೊಂದಿದ್ದ. ತಪ್ಪು ಅವನದಲ್ಲವೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಈಗ ಕ್ಷಯ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಅವರ ಮತದಲ್ಲಿ, ಸಾಯುವವರ ಕಿವಿಯಲ್ಲಿ ಸಭೆಯ ಹಿರಿಯರು ಕೊನೆಯ ಪ್ರಾರ್ಥನೆ ಹೇಳಬೇಕು. ಅದನ್ನು ಕೇಳದೆ ಹೋದವರಿಗೆ ನೆಲೆಯಿಲ್ಲವೆಂದು ನಂಬಿಕೆ.

"ಅಕ್ಕಾ, ಹಿರಿಯರನ್ನ ಒಂದ್ಸಲ ಕರ್ಕೊಂಡು ಬಾರೇ," ಎಂದು ತಮ್ಮ ಜೈಲಿನ ಭೇಟಿಯಲ್ಲಿ ಜಾಲರಿಯಾಚೆಯಿಂದ ಕೈಮುಗಿದಿದ್ದ.

ಅಕ್ಕ ಹೋಗಿ ಕೇಳಿದಾಗ ಹಿರಿಯರು ತಲೆಯೆತ್ತಲೂ ಇಲ್ಲ. "ಜೈಲಿಗೆ ಹೋದವನು ಸಭೆಯಿಂದ ಹೊರಗೆ. ತಾತನ ಕಾಲದಿಂದ ನಡೆದುಬಂದಿದ್ದು. ನಾನು ಮುರೀಲಾ?"

"ತಪ್ಪು ಮಾಡಿದವನಿಗೇ ಅಲ್ವಾ ದೇವರು ಜಾಸ್ತಿ ಬೇಕು? ಕೋರ್ಟು ಶಿಕ್ಷೆ ಕೊಟ್ಟಿದೆ. ಅವನ ದೇವರನ್ನೂ ಕಿತ್ಕೊಳ್ಳಿ ಅಂತ ಯಾವ ಜಡ್ಜೂ ಹೇಳಿಲ್ಲ."

"ನೀನು ನನಗೆ ಧರ್ಮ ಹೇಳ್ಕೊಡ್ತೀಯಾ? ಎದ್ದು ಹೋಗು."

ಜೈಲಿನ ಅಧಿಕಾರಿ ಅವಳನ್ನು ಕುರ್ಚಿ ಕೊಟ್ಟು ಕೂರಿಸಿದ. "ನೋಡಮ್ಮ, ಬೆಳಗ್ಗೆ ಎಲ್ಲರಿಗೂ ಸೇರಿಸಿ ಮೈಕಲ್ಲಿ ಒಂದು ಪ್ರಾರ್ಥನೆ ಹಾಕ್ತೀವಿ. ಒಬ್ಬೊಬ್ಬರ ದೇವರಿಗೂ ಬೇರೆ ಬೇರೆ ಬಾಗಿಲು ತೆಗೆಯೋಕಾಗುತ್ತಾ?"

"ಅದು ನಮ್ಮ ಪ್ರಾರ್ಥನೆ ಅಲ್ಲ ಸಾರ್. ನನಗೆ ಬಾಯಿಪಾಠ ಬರುತ್ತೆ. ಹಿರಿಯರು ಬರಲ್ಲ ಅಂದ್ರು. ಜೈಲಾಸ್ಪತ್ರೇಲಿ ಅವನ ಮಂಚದ ಹತ್ರ ಬಿಡಿ, ನಾನೇ ಹೇಳ್ತೀನಿ."

"ನಿಮ್ಮ ಹಿರಿಯರು ಬಂದು ಕೇಳಿದ್ರೆ ಯೋಚನೆ ಮಾಡಬಹುದಿತ್ತು. ನಿನ್ನನ್ನ ಬಿಟ್ರೆ ನಾಳೆ ಎಲ್ಲರೂ ಬಂದು ನಿಲ್ತಾರೆ."

ಅವಳು ಎರಡು ಕಡೆಗೂ ಅಲೆದಳು, ಕಾಲು ಹಿಡಿದಳು, ಬೈಸಿಕೊಂಡಳು. ಅಷ್ಟರಲ್ಲಿ ತಮ್ಮ ತೀರಿಕೊಂಡ. ಕೊನೆಗೆ ಅವನು ಪಕ್ಕದ ಮಂಚದ ಕೈದಿಯನ್ನು, "ನಿಂಗಾದ್ರೂ ಗೊತ್ತಿದ್ರೆ ಹೇಳೋ," ಎಂದು ಬೇಡಿಕೊಂಡನಂತೆ. ಆ ಕೈದಿ ಬೇರೆ ಮತದವನು. ಏನು ಹೇಳಬೇಕೋ ತಿಳಿಯದೆ ಕೈ ಹಿಡಿದು ಕೂತಿದ್ದನಂತೆ.

ಹೆಣ ಮಣ್ಣಾದ ಮೇಲೆ ಹಿರಿಯರು ಮನೆ ಬಾಗಿಲಿಗೆ ಬಂದರು. "ಸತ್ತವನಿಗಲ್ಲ, ನಿಮ್ಮಿಬ್ಬರ ನೆಮ್ಮದಿಗೆ ಒಂದು ಪ್ರಾರ್ಥನೆ ಹೇಳಿ ಹೋಗ್ತೀನಿ."

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅವನಿಗೆ ಸಿಗದ ಪ್ರಾರ್ಥನೆ ಈ ಮನೆಗೂ ಬೇಡ. ನಾಳೆ ನನ್ನ ಕಿವಿಗೂ ಬೇಡ. ಹೋಗಿ ಬನ್ನಿ."

"ಆಮೇಲೆ ಅತ್ತು ಕರೆದ್ರೂ ಈ ಹೊಸ್ತಿಲು ತುಳಿಯಲ್ಲ," ಎಂದು ಹಿರಿಯರು ಬಿರಬಿರನೆ ನಡೆದರು.

ಅಕ್ಕ ಬಾಗಿಲು ಹಾಕಿ ತಿರುಗಿದಳು. ಅಮ್ಮ ಗೋಡೆಗೊರಗಿ ಕೂತಿದ್ದಳು.

"ನಿನಗೆ ಬೇಡ, ಸರಿ ಕಣೇ. ನನ್ನ ಕಿವೀಲಿ ಯಾರು ಹೇಳ್ತಾರೆ? ಹಿರಿಯರಲ್ಲದೆ ನೀನು ಹೇಳಿದ್ರೆ ಸಲ್ಲುತ್ತಾ?"

ಅಕ್ಕ ಅಮ್ಮನ ಪಕ್ಕದಲ್ಲಿ ಕೂತಳು. ಅಮ್ಮನ ಕೈ ಹಿಡಿದುಕೊಂಡಳು.