ಕುಶಲಾಳ ಪಾಲಿನ ಸಾಲುಗಳು

ಬಚ್ಚಲಿನ ಚಿಲಕ ಹಾಕುವಷ್ಟರಲ್ಲಿ ಹೊರಗಿನಿಂದ ಯಾರೋ ತಟ್ಟಿದರು. "ಯಾರುಂಟು ಒಳಗೆ? ಸ್ವಲ್ಪ ಬೇಗ ಮಾರಾಯ್ರೆ." ಕುಶಲಾ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದಳು. ಸಾವಿನ ಮನೆಯಲ್ಲಿ ಒಬ್ಬಳೇ ಕೂತು ಅಳಲಿಕ್ಕೇ ಜಾಗ ಸಿಗುವುದಿಲ್ಲ, ಇನ್ನು ಹಾಡಲಿಕ್ಕೆ ಎಲ್ಲಿ ಸಿಗಬೇಕು!

ಹೌದು, ಅವಳಿಗೆ ಹಾಡಬೇಕಿತ್ತು. ಗಂಡ ಶೇಖರ ಐಸ್ ಪ್ಲಾಂಟಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಆರು ದಿನವಾಗಿತ್ತು, ಅಷ್ಟೆ. ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯುವವರೆಗೆ ಮನೆಯಲ್ಲಿ ಟಿವಿ ಹಾಕುವಂತಿಲ್ಲ, ಒಂದು ಹಾಡು ಗುನುಗುವಂತಿಲ್ಲ. ಅಷ್ಟು ದಿನ ಕಾಯಲು ಆ ಹಾಡಿಗೆ ಪುರುಸೊತ್ತಿರಲಿಲ್ಲ.

ಶೇಖರನಿಗೆ ಹಾಡುವ ಆ್ಯಪಿನ ಹುಚ್ಚು. ಯುಗಳಗೀತೆಯಲ್ಲಿ ಗಂಡಿನ ಸಾಲುಗಳನ್ನಷ್ಟೇ ಹಾಡಿ ಬಿಡುವುದು. ಉಳಿದರ್ಧವನ್ನು ಇನ್ನೊಬ್ಬರು ತಮ್ಮ ಫೋನಿನಲ್ಲಿ ಹಾಡಿ ಸೇರಿಸುವುದು. ಹಾಡುಗಳೋ, ಬರೀ ಅಗಲಿಕೆ, ಚಿತೆ, ಮರಳಿ ಬಾರದ ನಲ್ಲೆ. "ಸಾಯುವ ಹಾಡು ಬಿಟ್ಟರೆ ನಿಮಗೆ ಬೇರೆ ಇಲ್ವಾ?" ಎಂದು ಕುಶಲಾ ಬೈಯುತ್ತಿದ್ದಳು. "ಅಂಥದ್ದು ಹಾಡಿದರೆ ಎದೆ ಹಗುರ ಆಗ್ತದೆ ಮಾರಾಯ್ತಿ" ಎಂದು ಅವನು ನಗುತ್ತಿದ್ದ. ಕಳೆದ ಬುಧವಾರ ಅಂಥದೇ ಒಂದನ್ನು ಹಾಡಿ, ಹೆಣ್ಣಿನ ಸಾಲುಗಳನ್ನು ಅವಳ ಹೆಸರಿಗೇ ಬಿಟ್ಟಿದ್ದ. "ನಾಳೆ ಹಾಡ್ತೇನೆ, ಈಗ ಒಲೆಯಲ್ಲಿ ಮೀನುಂಟು" ಅಂದಿದ್ದಳು. ಮರುದಿನ ಬೆಳಿಗ್ಗೆ ಅವನೇ ಇಲ್ಲ.

ಹೆಜಮಾಡಿಯಿಂದ ಬಂದಿದ್ದ ತಂಗಿಯ ಮಗಳು ಮೋಕ್ಷಾ ಅದನ್ನು ಇವತ್ತು ನೋಡಿ ಹೇಳಿದಳು: "ದೊಡ್ಡಮ್ಮ, ಏಳು ದಿನದೊಳಗೆ ಯಾರೂ ಸೇರದಿದ್ದರೆ ಇದು ಅಳಿಸಿ ಹೋಗ್ತದೆ. ಇವತ್ತು ನಾಲ್ಕೂ ಹತ್ತಕ್ಕೆ ಕೊನೆ. ನಾನು ಹಾಡ್ಲಾ?"

"ಬೇಡ. ನನಗೆ ಅಂತ ಬಿಟ್ಟದ್ದು."

ಆಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಡುಗೆಮನೆಯಲ್ಲಿ ನಾದಿನಿಯರು, ಕೋಣೆಯಲ್ಲಿ ಮಲಗಿದ ಮುದುಕಿಯರು, ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವವರು. ಚಾವಡಿಯಲ್ಲಿ ಅತ್ತೆ ವಾರಿಜಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಸಾವಿನ ಹಾಡು ಹಾಡಿ ಹಾಡಿ ಸಾವನ್ನೇ ಮನೆಗೆ ಕರೆದ ನನ್ನ ಮಗ." ಅದನ್ನು ಕೇಳಿದಾಗಲೆಲ್ಲ ಕುಶಲಾ ಫೋನಿನಲ್ಲಿ ಗಂಟೆ ನೋಡುತ್ತಿದ್ದಳು. ತಾನೂ ಅದನ್ನೇ ಹಾಡಿದರೆ? ಹಾಡದಿದ್ದರೆ?

ನಾಲ್ಕು ಗಂಟೆ ದಾಟಿದ ಮೇಲೆ ಅವಳು ಯೋಚನೆ ಬಿಟ್ಟಳು. ಮೋಕ್ಷಾಳ ಇಯರ್‌ಫೋನ್ ಕಸಿದುಕೊಂಡಂತೆ ತೆಗೆದುಕೊಂಡು ಹಿತ್ತಲಿನ ಬಲೆ ಇಡುವ ಕೊಟ್ಟಿಗೆಗೆ ನಡೆದಳು. ನಾಲ್ಕೂ ನಾಲ್ಕಕ್ಕೆ ಆ್ಯಪಿನ ಗುಂಡಿ ಒತ್ತಿದಳು. ಹಾಡು ಐದು ನಿಮಿಷದ್ದು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಹಾಡಲು ಹೊತ್ತಿಲ್ಲ.

ಪರದೆಯ ಅರ್ಧದಲ್ಲಿ ಬನಿಯನ್ನು ತೊಟ್ಟ ಶೇಖರ. ಕಿವಿಯಲ್ಲಿ ಅವನ ಉಸಿರು. ಅವಳು ಮೊದಲ ಸಾಲು ಹಾಡಿದಳು. ಸ್ವರ ನಡುಗಿತು, ಆದರೆ ನಿಲ್ಲಲಿಲ್ಲ. ಅವನದು ಮುಗಿದೊಡನೆ ಅವಳದು. ಹೊರಗಿನವರಿಗೆ ಕೇಳಿಸಿದ್ದು ಅವಳ ಅರ್ಧ ಮಾತ್ರ: ಒಂದು ಸಾಲು, ಆಮೇಲೆ ಮೌನ, ಮತ್ತೊಂದು ಸಾಲು.

ಬಾಗಿಲು ಧಡಾರನೆ ತೆರೆಯಿತು. "ಎಂತ ಇದು? ಸೂತಕದ ಮನೆಯಲ್ಲಿ ಹಾಡ್ತಿಯಾ? ನಿನಗೆ ತಲೆ ಸರಿ ಉಂಟಾ?" ವಾರಿಜಾ ಕೈ ಎತ್ತಿಕೊಂಡು ಒಳಗೆ ನುಗ್ಗಿದಳು. ಅವಳ ಹಿಂದೆ ಅಂಗಳದಲ್ಲಿ ನಾಲ್ಕು ಜನ.

ಆಗ ಶೇಖರನ ಸರದಿ. ಕುಶಲಾ ಒಂದು ಕಿವಿಯದನ್ನು ಕಿತ್ತು ಅತ್ತೆಯ ಕಿವಿಗೆ ಇಟ್ಟಳು.

ಮೇಲೆತ್ತಿದ್ದ ವಾರಿಜಾಳ ಕೈ ಹಾಗೆಯೇ ನಿಂತಿತು. ಅವಳು ಬಲೆಯ ರಾಶಿಯ ಮೇಲೆ ಕೂತುಬಿಟ್ಟಳು. ಜೊತೆಗೆ ಕುಶಲಾಳೂ ಕೂರಬೇಕಾಯಿತು. ಅವನ ಸಾಲು ಮುಗಿಯಿತು. ಬರೀ ತಬಲಾ ನಡೆಯುತ್ತಿತ್ತು. ಕುಶಲಾ ತನ್ನ ಸಾಲು ಮರೆತು ಅತ್ತೆಯ ಮುಖವನ್ನೇ ನೋಡಿದಳು.

ಅತ್ತೆ ಅವಳ ಮೊಣಕೈ ಹಿಡಿದು ಅಲುಗಿಸಿದಳು.

"ಹಾಡು ಮಗಾ. ಅವ ಕಾಯ್ತಾ ಇದ್ದಾನೆ."

ಕುಶಲಾ ಹಾಡಿದಳು. ಇಯರ್‌ಫೋನಿನ ವೈರು ಗಿಡ್ಡವಾದ್ದರಿಂದ ಇಬ್ಬರ ತಲೆಗಳೂ ಕೊನೆಯವರೆಗೆ ಒಂದಕ್ಕೊಂದು ತಾಗಿಯೇ ಇದ್ದವು.