ಗಾಯಾಳುಗಳ ಬಸ್ಸು

ಎರಡನೆಯ ತಲೆಗೆ ಬರುವ ಹೊತ್ತಿಗೆ ಕ್ಷೌರಿಕನ ಕತ್ತರಿ ಗಾಳಿಯಲ್ಲೇ ನಿಂತುಬಿಟ್ಟಿತು. ಕುರ್ಚಿಯಲ್ಲಿ ಕೂತಿದ್ದವನು ಬೆಳಿಗ್ಗೆಯಷ್ಟೇ ಗಡಿಯಾಚೆಯ ಸೆರೆಯಿಂದ ಬಂದಿಳಿದ ಸೈನಿಕ. ಅವನ ಬಲಗಿವಿಯ ಮುಂದಿನ ಕೂದಲು ಎಡಗಿವಿಯದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಉದ್ದವಾಗಿತ್ತು. ಈಗಷ್ಟೇ ಎದ್ದುಹೋದವನದೂ ಹೀಗೇ ಇತ್ತು. ಒಬ್ಬನದಾದರೆ, ಯಾರೋ ಕೈಲಾಗದವನು ಕತ್ತರಿ ಹಿಡಿದಿದ್ದ ಎಂದು ಸುಮ್ಮನಾಗಬಹುದು. ಇಬ್ಬರದೂ ಅದೇ ಕಿವಿ, ಅದೇ ಅಕ್ಕಿಕಾಳು ಎಂದರೆ?

"ಒಂದು ನಿಮಿಷ ತಮ್ಮಾ" ಎಂದು ಕತ್ತರಿಯನ್ನು ಜೇಬಿಗಿಳಿಸಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಸರದಿಗಾಗಿ ಕಾಯುತ್ತ ಕೂತಿದ್ದವರ ಬೆಂಚಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ಹೋದ. ಎಲ್ಲರ ಬಲಗಿವಿ, ಎಲ್ಲರ ಎಡಗಿವಿ.

"ಏನ್ ಯಜಮಾನ್ರೇ, ಹೇನು ಹುಡುಕ್ತಿದ್ದೀರಾ? ಅದಕ್ಕೆಲ್ಲ ಅಲ್ಲೇ ಔಷಧಿ ಹೊಡೆದು ಕಳಿಸಿದ್ದಾರೆ" ಎಂದ ಒಬ್ಬ. ಬೆಂಚಿಗೆ ಬೆಂಚೇ ನಕ್ಕಿತು. ಕ್ಷೌರಿಕನಿಗೆ ನಗು ಬರಲಿಲ್ಲ. ವಾಪಸು ಬಂದು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅವನ ಮಗ ಎಡಚ. ಮನೆಯಲ್ಲೂ ಬೀದಿಯಲ್ಲೂ ಅದೇ ಅವನ ಹೆಸರಾಗಿಹೋಗಿತ್ತು. ಕೈ ಚುರುಕು, ಗಿರಾಕಿಗಳನ್ನು ನಗಿಸುವುದರಲ್ಲಿ ಅಪ್ಪನನ್ನು ಮೀರಿಸಿದವನು. ಆದರೆ ಬಲಗಡೆಗೆ ಬಂದಾಗ ಕತ್ತು ವಾಲಿಸಿ ನೋಡುವ ಚಾಳಿ. ಅಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತಿತ್ತು. ಅಪ್ಪ ಬೈದೂ ಬೈದೂ ಸಾಕಾಗಿ, ಗಿರಾಕಿ ಏಳುವ ಮುಂಚೆ ತಾನೇ ಹೋಗಿ ಸರಿಮಾಡುತ್ತಿದ್ದ. "ಜನ ಏನು ಕಿವಿಗೆ ಅಳತೆಪಟ್ಟಿ ಕಟ್ಕೊಂಡು ಓಡಾಡ್ತಾರೇನಪ್ಪಾ?" ಎಂದು ಮಗ ಹಲ್ಲು ಕಿರಿಯುತ್ತಿದ್ದ. ನಾಯಿಬಾಲದ ಡೊಂಕು ಎಂದು ಅಪ್ಪನೂ ಕೈಬಿಟ್ಟ. ಆಮೇಲೆ ಯುದ್ಧ ಬಂತು, ಹರೆಯದವರನ್ನೆಲ್ಲ ಕರೆದೊಯ್ದಿತು. ಮೊದಲ ಚಳಿಗಾಲದಲ್ಲೇ ಮಗ ಕಾಣೆಯಾಗಿದ್ದಾನೆಂದು ಸೇನೆಯವರು ತಿಳಿಸಿದರು. ಸೆರೆ ಸಿಕ್ಕವರು ಯಾರು ಯಾರು ಎಂದು ಹೇಳಬೇಕಾದದ್ದು, ಅವರ ಕಾಗದಗಳನ್ನು ಮನೆಗೆ ಮುಟ್ಟಿಸಬೇಕಾದದ್ದು ಕಾನೂನಂತೆ. ಆಚೆಯವರು ಯಾವುದನ್ನೂ ಮಾಡಿರಲಿಲ್ಲ. ಸತ್ತನೆಂದು ಅಳುವಂತಿಲ್ಲ, ಬದುಕಿದ್ದಾನೆಂದು ನಗುವಂತಿಲ್ಲ. ಗಂಡಹೆಂಡಿರು ಹಾಗೆ ದಿನ ದೂಡುತ್ತಿದ್ದರು.

ಅಧಿಕಾರಿಗಳು ವಿಚಾರಿಸುವ ಮುಂಚೆ ಬಂದವರನ್ನು ಏನೂ ಕೇಳಕೂಡದೆಂದು ಬಾಗಿಲ ಕಾವಲಿನವನು ತಾಕೀತು ಮಾಡಿದ್ದ. ಕ್ಷೌರಿಕ ಬಗ್ಗಿ, ಬಟ್ಟೆ ಸರಿಮಾಡುವ ನೆಪದಲ್ಲಿ ಪಿಸುಗುಟ್ಟಿದ.

"ಅಲ್ಲಿ ನಿಮಗೆ ಕ್ಷೌರ ಮಾಡ್ತಿದ್ದೋರು ಯಾರು ತಮ್ಮಾ?"

"ನಮ್ಮವನೇ ಒಬ್ಬ, ಎಡಚ. ಹೊರಡೋ ಹಿಂದಿನ ದಿನ ‘ಮನೆಗೆ ಹೋಗೋರು ಲಕ್ಷಣವಾಗಿ ಹೋಗ್ಬೇಕು’ ಅಂತ ಎಲ್ಲರನ್ನೂ ಕೂರಿಸಿ ಕತ್ತರಿಸಿದ." ಸೈನಿಕ ತಲೆ ತಿರುಗಿಸಿ ಮುದುಕನ ಮುಖ ನೋಡಿದ. "‘ಈ ಬಲಗಡೆ ನೋಡಿ ಯಾರಾದ್ರೂ ಬೈದರೆ ಅವರೇ ನಮ್ಮಪ್ಪ, ಚೆನ್ನಾಗಿದ್ದೀನಿ ಅಂತ ಹೇಳು’ ಅಂದಿದ್ದ. ನೀವು ಬೈಯಲೇ ಇಲ್ಲವಲ್ಲ ಯಜಮಾನ್ರೇ!"

ಕ್ಷೌರಿಕ ಕೊರಳಿನ ಟವೆಲಿನಿಂದ ಮುಖ ಒತ್ತಿಕೊಂಡ. ಆಮೇಲೆ ಕೇಳಿದ: "ಮತ್ತೆ ಅವನು ಯಾಕೆ ಬರಲಿಲ್ಲ?"

"ಅವನಿಗೇನಾಗಿದೆ ಬರೋಕೆ? ಗುಂಡುಕಲ್ಲಿನ ಹಾಗಿದ್ದಾನೆ." ಸೈನಿಕ ಮೈಮೇಲಿನ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಎಡಗಾಲಿನ ಜಾಗದಲ್ಲಿ ಪ್ಯಾಂಟನ್ನು ಮಡಿಸಿ ಪಿನ್ನು ಹಾಕಿತ್ತು. "ನೋಡಿ, ಈ ಬಸ್ಸಿಗೆ ಇದೇ ಟಿಕೆಟ್ಟು."

ಕ್ಷೌರಿಕ ಮತ್ತೆ ಕತ್ತರಿ ಎತ್ತಿಕೊಂಡ. ಹಿಂದೆ, ಮೇಲೆ, ಎಡಕ್ಕೆ ಎಲ್ಲ ಮುಗಿಸಿದ. ಬಲಗಿವಿಯ ಮುಂದಿನದಕ್ಕೆ ಮಾತ್ರ ಕೈ ಹಾಕಲಾಗಲಿಲ್ಲ. ಆ ಬೆಂಚಿನಲ್ಲಿದ್ದ ಉಳಿದವರೂ ಆ ದಿನ ಬಲಗಡೆಯ ಅಕ್ಕಿಕಾಳನ್ನು ಹಾಗೇ ಉಳಿಸಿಕೊಂಡು ಎದ್ದುಹೋದರು.

ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ಅಂಗಡಿಯ ಒದ್ದೆ ಟವೆಲುಗಳನ್ನು ನೆಲಕ್ಕೆ ಬಿಟ್ಟಳು. ನಕ್ಕಳು, ಅತ್ತಳು, ಪಕ್ಕದ ಮನೆಗೆ ಓಡಿ ಹೇಳಿ ಬಂದಳು. ಗಂಡನಿಗೆ ಬಡಿಸುತ್ತ ಬಡಿಸುತ್ತ ಪ್ರಶ್ನೆಗಳ ಮಳೆ ಸುರಿಸಿದಳು. ಹೊಟ್ಟೆಗೇನು ಹಾಕ್ತಾರಂತೆ? ಹೊದೆಯೋಕೆ ಕೊಡ್ತಾರಂತಾ? ಕೊನೆಗೆ, "ನಮ್ಮವನ ಸರದಿ ಯಾವಾಗಂತೆ?"

ಅನ್ನ ಕಲಸುತ್ತಿದ್ದ ಕೈ ನಿಂತಿತು. "ಸರದಿ ಅಂತ ಇಲ್ಲ ಕಣೇ. ಯುದ್ಧ ಮುಗಿಯೋ ತನಕ ಗಟ್ಟಿಮುಟ್ಟಾಗಿರೋರನ್ನ ಇಟ್ಕೋಬಹುದಂತೆ. ಮತ್ತೆ ಬಂದೂಕು ಹಿಡಿಯೋಕೆ ಆಗದೇ ಇರೋರನ್ನ ಮಾತ್ರ ಮುಂಚೆ ಕಳಿಸಬೇಕಂತೆ. ದೇಶದೇಶಗಳೆಲ್ಲ ಕೂತು ಮಾಡಿರೋ ಕಾನೂನು."

"ಅಂದ್ರೆ ಕೈಯೋ ಕಾಲೋ ಹೋದ್ರೆ ಬರ್ತಾನೆ."

"ಕಾನೂನು ಮಾಡಿದವರು ಒಳ್ಳೇ ಮನಸ್ಸಿಂದಲೇ ಮಾಡಿದ್ದಾರೆ."

"ಅವರ ಮಕ್ಕಳು ಮನೇಲಿದ್ರೇನೋ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಅವನದಿನ್ನೂ ಊಟ ಮುಗಿದಿರಲಿಲ್ಲ.

ಮಗ ಹೋದಾಗಿನಿಂದ ಅವಳು ದಿನಾ ಬೆಳಿಗ್ಗೆ ಕೈಮುಗಿದು ಬೇಡುತ್ತಿದ್ದದ್ದು ಒಂದೇ ಮಾತು: ದೇವರೇ, ಎಲ್ಲೇ ಇರಲಿ, ಅವನ ಮೈಗೆ ಏನೂ ಆಗದ ಹಾಗೆ ನೋಡ್ಕೋ. ಮರುದಿನ ಬೆಳಿಗ್ಗೆಯೂ ಕೈಮುಗಿದು ನಿಂತಳು. ತಿರುಗಿ ಗಂಡನನ್ನು ನೋಡಿದಳು.

"ರೀ, ನಾನೀಗ ಏನಂತ ಬೇಡಲಿ?"

ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತಿದ್ದ. "ಯಾವುದಾದರೂ ಒಂದು ಸಣ್ಣ ಕಾಯಿಲೆ..." ಎಂದ, ತಲೆ ಎತ್ತದೆ. "ಮನೆಗೆ ಬಂದ ಮೇಲೆ ವಾಸಿಯಾಗೋವಂಥದ್ದು."

"ವಾಸಿಯಾಗೋ ಕಾಯಿಲೆಗೆ ಕಳಿಸಲ್ಲ ಅಂದ್ರಲ್ಲ ನೀವೇ."

"ಹೌದು."

"ಒಂದು ಬೆರಳು ಹೋದ್ರೆ? ಕಾಲಿಂದು, ಕಿರುಬೆರಳು?"

"ಬೆರಳಿಗೆಲ್ಲ ಕಳಿಸಲ್ಲ ಕಣೇ."

"ಒಂದು ಕಣ್ಣು?" ಎಂದವಳು ಕೂಡಲೇ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಹೆತ್ತ ಹೊಟ್ಟೆ ಆಡೋ ಮಾತಾ ಇದು?"

ಸಮಾಧಾನ ಹೇಳುವ ಮುಖ ಅವನಿಗೂ ಇರಲಿಲ್ಲ. ಅವನ ಮನಸ್ಸು ಆಗಲೇ ಆ ಕಣ್ಣಿಗೆ ಒಪ್ಪಿಯಾಗಿತ್ತು. ಒಂದೇ ಕಣ್ಣಿರುವ ಮಗ ಅಂಗಡಿಯ ಬಾಗಿಲಲ್ಲಿ ನಿಂತು ನಗುವುದನ್ನು ಅವನು ಕಂಡೂ ಬಿಟ್ಟಿದ್ದ.

ಚಳಿ ಇಳಿಯುವ ಹೊತ್ತಿಗೆ ಇನ್ನೊಂದು ಬಸ್ಸು ಬರುವುದೆಂದು ಗೊತ್ತಾಯಿತು. ಈ ಸಲ ಹೆಂಡತಿಯೂ ಹೊರಟಳು. ಅವನು ಬೇಡವೆನ್ನಲಿಲ್ಲ. ಆಸ್ಪತ್ರೆಯ ಗೇಟಿನ ಬಳಿ, ಫೋಟೋಗಳನ್ನು ಎದೆಗೆ ಹಿಡಿದು ನಿಂತಿದ್ದ ಬೇರೆ ತಾಯಂದಿರ ನಡುವೆ ಅವಳು ಬರಿಗೈಯಲ್ಲಿ ನಿಂತಳು.

ಬಸ್ಸು ಬಂತು. ಊರುಗೋಲಿನವರು ಮೊದಲು ಇಳಿದರು. ಆಮೇಲೆ ಒಬ್ಬರ ಭುಜ ಒಬ್ಬರು ಹಿಡಿದು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಸಾಲಾಗಿ ಇಳಿದರು. ಅವರಲ್ಲೊಬ್ಬನ ಗಲ್ಲ ನೋಡಿ ಅವಳು ಗಂಡನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಅವನು ಹತ್ತಿರ ಬಂದಾಗ ಬೇರೆ ಯಾರೋ. ಹಿಡಿತ ಸಡಿಲವಾಯಿತು.

ಕೊನೆಗೆ ಸ್ಟ್ರೆಚರುಗಳು. ಕಟ್ಟಕಡೆಯದರಲ್ಲಿ ಕುತ್ತಿಗೆಯ ತನಕ ಕಂಬಳಿ ಹೊದೆಸಿದ್ದ ಒಬ್ಬ ಹುಡುಗನಿದ್ದ. ಮುಖ ಆಚೆ ತಿರುಗಿತ್ತು, ಕಪ್ಪು ಗುಂಗುರುಕೂದಲಷ್ಟೇ ಕಾಣುತ್ತಿತ್ತು. ಕಂಬಳಿ ಸೊಂಟದಿಂದ ಕೆಳಗೆ ಚಪ್ಪಟೆಯಾಗಿತ್ತು. ಅವಳು ಓಡಿದಳು. ಕ್ಷೌರಿಕ ನಿಂತಲ್ಲೇ ನಿಂತ. ಅವನೇ ಆಗಿರಲಿ ಎಂದು ಒಂದು ಉಸಿರು, ಆಗಿರದಿರಲಿ ಎಂದು ಇನ್ನೊಂದು. ಯಾವುದನ್ನು ಮೊದಲು ಬೇಡಿಕೊಂಡನೆಂದು ಅವನಿಗೇ ತಿಳಿಯಲಿಲ್ಲ.

ಅವಳು ಸ್ಟ್ರೆಚರಿನ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದಳು. ಆ ಹುಡುಗನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು, ಏನೋ ಹೇಳಿದಳು. ಹೊತ್ತವರು ಅವನನ್ನು ಒಳಗೆ ಒಯ್ದರು.

ಗಂಡನ ಬಳಿಗೆ ನಿಧಾನವಾಗಿ ನಡೆದು ಬಂದಳು. "ಸದ್ಯ, ನಮ್ಮವನು ಬರಲಿಲ್ಲ" ಎಂದಳು. ಹಾಗೆಂದು ಮೆಟ್ಟಿಲ ಮೇಲೆ ಕುಸಿದು ಕೂತು, ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅವನು ಪಕ್ಕದಲ್ಲಿ ಕೂತ. ಒಳಗಿನಿಂದ ಕ್ಷೌರಕ್ಕೆ ಕರೆಯುತ್ತಿದ್ದರು, ಅವನು ಏಳಲಿಲ್ಲ.

ಬಸ್ಸಿನ ಡ್ರೈವರ್ ಸೀಟುಗಳನ್ನು ಗುಡಿಸಿ, ಬಾಗಿಲೆಳೆದುಕೊಂಡು ಹೊರಡುವುದರಲ್ಲಿದ್ದ. ಅವಳು ಅಂಗೈಯಿಂದ ಮುಖ ಒರೆಸಿಕೊಂಡು ಎದ್ದಳು, ಹೋಗಿ ಅವನ ಕಿಟಕಿಯ ಕೆಳಗೆ ನಿಂತಳು.

"ಅಪ್ಪಾ, ಮತ್ತೆ ಯಾವಾಗ ಬರ್ತೀಯಾ?"