ಕಿರೀಟ ಬಿಚ್ಚಿದ ಕೈ

ದೊಡ್ಡಾಟದಲ್ಲಿ ನನ್ನದು ಸಾರಥಿಯ ಪಾತ್ರ. ಕತ್ತಿಯಿಲ್ಲ, ಕಿರೀಟವಿಲ್ಲ. ರಂಗಕ್ಕೆ ಬಂದ ಒಬ್ಬೊಬ್ಬರನ್ನೂ ತಡೆದು ‘ತಾವು ದಾರು, ತಮ್ಮ ನಾಮಾಂಕಿತವೇನು, ಬಂದಂಥ ಕಾರಣವೇನು’ ಎಂದು ಕೇಳುವುದಷ್ಟೇ ಕೆಲಸ. ಮೂವತ್ತು ವರ್ಷ ಕೇಳಿದ್ದೇನೆ. ರಾಜನಾಗಲಿ ರಾಕ್ಷಸನಾಗಲಿ, ನನಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

ತಾವರಗೇರಾದಲ್ಲಿ ಬೆಳತನಕ ಆಟವಾಡಿದೆವು. ಅದೇ ಮಧ್ಯಾಹ್ನ ನಮ್ಮ ರಾಜನ ಪಾತ್ರಧಾರಿ ಮುದುಕಪ್ಪ ವಾಂತಿ ಮಾಡಿ ಮಾಡಿ ಸತ್ತ. ಹೊಟ್ಟೆಗೆ ವಿಷ ಹೋಗಿದೆ ಎಂದರು ಡಾಕ್ಟರು. ಪೊಲೀಸರು ಹಾರ್ಮೋನಿಯಂ ಶಫೀಸಾಬನನ್ನು ಕರೆದೊಯ್ದು ಠಾಣೆಯಲ್ಲಿ ಕೂರಿಸಿದರು. ಆಟದ ನಡುವೆ ಅವನು ರಾಜನಿಗೆ ಚಹಾ ತಂದುಕೊಟ್ಟದ್ದನ್ನು ಊರೇ ನೋಡಿತ್ತು. ಹಿಂದಿನ ವಾರ ತಾಳದ ವಿಷಯಕ್ಕೆ ಇಬ್ಬರೂ ಜಗಳಾಡಿದ್ದೂ ಎಲ್ಲರಿಗೆ ಗೊತ್ತಿತ್ತು.

ಮೂರನೆಯ ದಿನ ಶಫೀಸಾಬನ ಹೆಂಡತಿ ಮುಮ್ತಾಜಬೇಗಂ ನಮ್ಮ ಮನೆ ಕಟ್ಟೆಗೆ ಬಂದಳು.

“ಕರಿಬಸಪ್ಪಣ್ಣ, ಆಟದಾಗ ಎಲ್ಲಾರನ್ನೂ ಕೇಳ್ತೀರಿ. ಒಮ್ಮಿ ನನ್ನ ಸಲುವಾಗಿ ಕೇಳ್ರಿ. ನಾಳಿ ಅವರನ್ನ ಜೈಲಿಗೆ ಕಳಸ್ತಾರಂತ.”

ನನಗಿನ್ನೂ ಆಟದ ನಿದ್ದೆಗೇಡು ತೀರಿರಲಿಲ್ಲ. ಬಿಸಿಲಲ್ಲಿ ನಡೆಯುತ್ತಿದ್ದರೆ ಊರು ನೀರೊಳಗೆ ಮುಳುಗಿ ನೋಡಿದ ಹಾಗಿತ್ತು. ಬೇವಿನ ಮರಗಳು ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಿದ್ದವು. ಸತ್ತ ಮುದುಕಪ್ಪ ಎರಡು ಸಲ ಎದುರಿಗೆ ಬಂದ, ನನಗೆ ದಾರಿ ಬಿಟ್ಟು ಹೋದ. ಅವನನ್ನು ಏನೂ ಕೇಳುವ ಧೈರ್ಯ ನನಗಾಗಲಿಲ್ಲ.

ಮದ್ದಳೆ ಬಾರಿಸುವ ಉಮರಸಾಬ ತನ್ನ ಮನೆಯ ಮುಂದೆ ಕೂತಿದ್ದ.

“ಶಫೀಸಾಬ ಚಾ ಕೊಟ್ಟಿದ್ದು ನೋಡಿಯೇನು?”

“ನೋಡೀನ್ರಿ. ಪೊಲೀಸ್ರಿಗೂ ಹೇಳೀನಿ.”

“ಮುದುಕಪ್ಪ ಕುಡಿದಿದ್ದು?”

“ತಲಿ ಮ್ಯಾಲ ಕಿರೀಟ ಇತ್ತಲ್ರಿ, ಹೆಂಗ ಕುಡೀತಾನ?”

ಕಿರೀಟ ಕಟ್ಟಿದ ಮೇಲೆ ಅದನ್ನು ಬಿಚ್ಚುವ ತನಕ ನಮ್ಮ ಮೇಳದಲ್ಲಿ ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಇದು ಮೇಳದವರಿಗೆಲ್ಲ ಗೊತ್ತು; ಜಗಳ ಮರೆಸುವ ಭರದಲ್ಲಿ ಶಫೀಸಾಬ ಮರೆತಿರಬೇಕು, ನಿದ್ದೆಗೇಡಿನಲ್ಲಿ ನನಗೂ ಹೊಳೆದಿರಲಿಲ್ಲ.

“ಮತ್ತ ಆ ಚಾ ಎಲ್ಲಿ ಹೋತು?”

“ನಾನ ಕುಡಿದೆ” ಎಂದು ಅವನು ನೆಲ ನೋಡಿದ. “ಹೇಳಿದ್ರ ನನ್ನೂ ಒಯ್ತಾರಂತ ಅಂಜಿಕಿ ಬಂತ್ರಿ. ಅವರು ಕೇಳ್ಲಿಲ್ಲ, ನಾ ಹೇಳ್ಲಿಲ್ಲ.”

“ನಿನ್ನ ಬಾಯಾಗ ಮಣ್ಣು ಹಾಕ” ಎಂದು ಬೈದೆ. ಆದರೆ ಸಿಟ್ಟು ಅಲ್ಲಿಗೇ ಇಳಿದುಹೋಯಿತು, ಏಕೆಂದರೆ ಮುಂದಿನ ಪ್ರಶ್ನೆ ಆಗಲೇ ನನ್ನ ನಾಲಿಗೆಗೆ ಬಂದಿತ್ತು. ಕಿರೀಟ ಕಟ್ಟಿದವನೇ ಬಿಚ್ಚಬೇಕು, ಬಿಚ್ಚಿದ ಕೈಯಿಂದಲೇ ರಾಜನಿಗೆ ಮೊದಲ ಗುಟುಕು ಹಾಲು ಕೊಡಬೇಕು. ಅದು ನಮ್ಮ ಪದ್ಧತಿ. ಅವತ್ತು ಕಿರೀಟ ಕಟ್ಟಿದವನು ನನ್ನ ಮಗ ಶರಣಕುಮಾರ.

ಆ ಬೆಳಗಿನಲ್ಲಿ ನಾನು ಬಣ್ಣದ ಪೆಟ್ಟಿಗೆಗೆ ಒರಗಿ ತೂಕಡಿಸುತ್ತಿದ್ದೆ. ಅರೆಗಣ್ಣಿಗೆ ಒಂದು ಹಿತ್ತಾಳೆ ಲೋಟ ಕಂಡಿತ್ತು. ಬಣ್ಣದ ಕಡ್ಡಿಯೊಂದು ಹಾಲು ಕಲಕುತ್ತಿತ್ತು, ಹಾಲು ಮೆಲ್ಲಗೆ ಅರಿಶಿನವಾಗುತ್ತಿತ್ತು. ಎಷ್ಟು ಚೆಂದದ ಹಳದಿ ಎಂದುಕೊಂಡೇ ಮತ್ತೆ ಕಣ್ಣು ಮುಚ್ಚಿದ್ದೆ. ಮೂರು ದಿನದಿಂದ ಅದು ಕನಸು ಎಂದೇ ನಂಬಿದ್ದೆ. ಕನಸೇ ಆಗಿರಲಿ ಎಂದು ದಾರಿಯುದ್ದಕ್ಕೂ ಮನೆದೇವರಿಗೆ ಹರಕೆ ಹೊತ್ತೆ.

ಮನೆಗೆ ಬಂದರೆ ಮಗ ಪಡಸಾಲೆಯ ಕನ್ನಡಿಯ ಮುಂದೆ ಕೂತಿದ್ದ. ಮೂವತ್ತೆರಡು ವರ್ಷ ವಯಸ್ಸು, ಹನ್ನೆರಡು ವರ್ಷದಿಂದ ಮಂತ್ರಿಯ ಪಾತ್ರ. ಮುದುಕಪ್ಪ ಹೋದ ಮೇಲೆ ರಾಜನ ಪಾತ್ರ ಇವನಿಗೇ ಬಂದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಮಗ ನಿಜಕ್ಕೂ ಚೆಲುವ. ಅಪ್ಪನ ದನಿಯಲ್ಲಿ ಕೇಳುವುದು ನನ್ನಿಂದ ಆಗಲಿಲ್ಲ. ಸಾರಥಿಯ ದನಿಯಲ್ಲಿ ಕೇಳಿದೆ.

“ಭಲೇ, ತಾವು ದಾರು? ಆ ಹಾಲಿನೊಳಗೆ ಬೆರೆಸಿದ್ದಂಥಾದ್ದೇನು?”

ಕನ್ನಡಿಯಲ್ಲೇ ನನ್ನನ್ನು ನೋಡಿದ.

“ಅರ್ದಾಳ” ಎಂದ. ಅರ್ದಾಳವೆಂದರೆ ನಾವು ಮುಖಕ್ಕೆ ಹಚ್ಚುವ ಹಳದಿ ಬಣ್ಣ. “ಮುದುಕಪ್ಪನ ದನಿ ಹೋಗ್ಲಿ ಅಂತಷ್ಟ ಹಾಕಿದ್ನೆಪ್ಪಾ. ನಿನ್ನ ದನಿಗೆ ಕಿರೀಟ ಹೊರೂ ತಾಕತ್ತಿಲ್ಲ ಅಂತ ಎಲ್ಲಾರ ಮುಂದ ನಕ್ಕಿದ್ದ. ಸಾಯ್ತಾನಂತ ನನಗ ಖರೇನ ಗೊತ್ತಿರ್ಲಿಲ್ಲ.”

ಬಣ್ಣ ಹೊಟ್ಟೆಗೆ ಹೋದರೆ ದನಿ ಬೀಳುತ್ತದೆ ಎಂಬುದು ನಮ್ಮ ಆಟದವರ ಹಳೆಯ ನಂಬಿಕೆ. ಅವನು ಚಿಕ್ಕವನಿದ್ದಾಗ ಅದನ್ನು ಹೇಳಿಕೊಟ್ಟವನು ನಾನೇ. ಅದು ವಿಷವೆಂದು ನನಗೂ ಗೊತ್ತಿರಲಿಲ್ಲ.

“ಅಂಗಿ ಹಾಕ್ಕೋ” ಎಂದೆ. ಎಲ್ಲಿಗೆ ಎಂದು ಅವನು ಕೇಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕೂತ ಕೂಡಲೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲವಂತೆ. ಹೊರಗೆ ಸಜ್ಜೆಯ ಹೊಲಗಳು ತೇಲುತ್ತ ಹಿಂದೆ ಹೋಗುತ್ತಿದ್ದವು. ಈ ಬಸ್ಸು ಎಲ್ಲಿಯೂ ನಿಲ್ಲುವುದು ಬೇಡ, ಹೀಗೇ ಹೋಗುತ್ತಿರಲಿ ಎನಿಸಿತು. ನಾನು ಕೇಳಿಯೇ ಇಲ್ಲ ಅಂದುಕೊಂಡರೆ ಆಯಿತಲ್ಲ ಎಂದೂ ಎನಿಸಿತು, ಸುಳ್ಳೇಕೆ ಹೇಳಲಿ.

ಠಾಣೆಯ ಸ್ಟಾಪು ಬಂತೆಂದು ಕಂಡಕ್ಟರ್ ಕೂಗಿದ. ಮುಂದಿನ ಸೀಟಿನಿಂದ ಮುಮ್ತಾಜಬೇಗಂ ಎದ್ದಳು. ಕೈಯಲ್ಲಿ ಬುತ್ತಿ, ಗಂಡನ ಒಗೆದು ಮಡಿಚಿದ ಅಂಗಿ. ನನ್ನನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ನನ್ನ ಮಗನತ್ತ ನೋಡಿ ದನಿ ತಗ್ಗಿಸಿದಳು.

“ಪಾಪ, ಭಾಳ ದಣಿದಾನ. ಎಬ್ಬಸಬ್ಯಾಡ್ರಿ ಅಣ್ಣ, ಮಲಗ್ಲಿ.”

“ಇಲ್ಲ ತಂಗಿ, ಅವನೂ ಇಲ್ಲೇ ಇಳೀಬೇಕು” ಎಂದು ಮಗನನ್ನು ಎಬ್ಬಿಸಿದೆ.